ಶಹಾಬಾದಿ ಕಲ್ಲಿನ ಮೇಲೆ ಎರಡು ಪಾದ

ನೀರು ಸುಣ್ಣದಕಲ್ಲನ್ನು ಕೊರೆಯುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕೊರೆಯಲು ಉಳಿ ಬೇಕು, ಮರಳು ಬೇಕು, ರಭಸ ಬೇಕು. ಸುಣ್ಣದಕಲ್ಲಿನ ಮುಂದೆ ನೀರಿಗೆ ಅದಾವುದರ ಹಂಗೂ ಇಲ್ಲ. ಮಳೆ ಆಕಾಶದಿಂದ ಇಳಿಯುವಾಗ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಒಂಚೂರು ಕುಡಿದುಕೊಂಡೇ ಇಳಿಯುತ್ತದೆ. ಮಣ್ಣಿನ ಮೇಲೆ ಹರಿದರೆ ಇನ್ನಷ್ಟು ಕುಡಿಯುತ್ತದೆ. ಹಾಗೆ ನಾಲಿಗೆಗೆ ಗೊತ್ತಾಗದಷ್ಟು ಹುಳಿಯಾಗುತ್ತದೆ. ಆ ಹುಳಿ ಸಾಕು. ಕಲ್ಲು ಸಕ್ಕರೆಯ ಹಾಗೆ, ಆದರೆ ಬಹಳ ಬಹಳ ನಿಧಾನವಾಗಿ, ನೀರಿನೊಳಗೆ ಸೇರಿಕೊಂಡು ಹೊರಟುಹೋಗುತ್ತದೆ. ಹುಮನಾಬಾದಿನ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡಲು ಶುರುಮಾಡಿದ ಲಾಗಾಯ್ತು ಪ್ರತಿವರ್ಷ ಹೊಸ ಮಕ್ಕಳ ಮುಂದೆ ಇದನ್ನೇ ಗಂಟಲು ಹರಿದುಕೊಂಡು ಹೇಳಿದ್ದೇನೆ.

ಹಾಗೆ ನೋಡಿದರೆ ನಮ್ಮ ನೆಲದಲ್ಲಿ ಸುಣ್ಣದಕಲ್ಲು ಇಲ್ಲ. ಹುಮನಾಬಾದ, ಬಸವಕಲ್ಯಾಣದ ಕಡೆ ಅಗೆದರೆ ಸಿಗುವುದು ಕರಿಕಲ್ಲು, ಇಲ್ಲದಿದ್ದರೆ ಕೆಂಪು ಮುರಕಲ್ಲು. ಆದರೆ ಮನೆಯೊಳಗೆ ಕಾಲಿಟ್ಟರೆ ಸುಣ್ಣದಕಲ್ಲೇ. ಶಹಾಬಾದಿನ ಕಡೆಯಿಂದ ಲಾರಿಯಲ್ಲಿ ಬರುವ ಬೂದುನೀಲಿ ಹಾಸುಗಲ್ಲು, ನಮ್ಮ ಬಾಯಲ್ಲಿ ಫರಸಿ. ಪಾಠಕ್ಕೆ ಬೇಕಾದದ್ದೆಲ್ಲ ಶಾಲೆಯ ಅಂಗಳದಲ್ಲೇ ಇತ್ತು. ತಗಡಿನ ಪತ್ರಾ ಮಾಡಿನಿಂದ ಮಳೆ ಹನಿಯುವ ಸಾಲಿನಲ್ಲಿ ಫರಸಿಯ ಮೇಲೆ ಬೆರಳ ತುದಿ ಕೂರುವಷ್ಟು ಕುಳಿಗಳಿದ್ದವು. ನೀರಿನ ಟಾಕಿಯ ಕೆಳಗೆ ಓರೆಯಾಗಿ ಬಿದ್ದ ಹಳೆಯ ಫರಸಿಯ ಮೇಲೆ ನೀರು ಇಳಿದು ಇಳಿದು ಉದ್ದುದ್ದ ಗೀರುಗಳಾಗಿದ್ದವು, ಬಾಚಣಿಗೆ ಎಳೆದ ಕೂದಲಿನ ಹಾಗೆ. ಮಕ್ಕಳನ್ನು ಅಲ್ಲಿ ಕೂರಿಸಿ, ಸುಣ್ಣದಕಲ್ಲಿನ ಗುಡ್ಡಗಳ ಮೇಲೆ ಇವೇ ಇರುತ್ತವೆ, ಇಲ್ಲಿ ಬೆರಳಷ್ಟು, ಅಲ್ಲಿ ಮೊಣಕಾಲಷ್ಟು ಎನ್ನುತ್ತಿದ್ದೆ. ನೀರು ನಿಂತರೆ ಕುಳಿ, ಹರಿದರೆ ಗೀರು. ಆಮೇಲೆ ಒಡೆದ ಫರಸಿಯ ಚೂರಿನ ಮೇಲೆ ಲಿಂಬೆಹಣ್ಣು ಹಿಂಡುತ್ತಿದ್ದೆ. ಸಣ್ಣ ಸಣ್ಣ ಗುಳ್ಳೆ ಎದ್ದು ಕಲ್ಲು ಕುದಿದಂತಾಗಿ ಮಕ್ಕಳು ಹೋ ಎನ್ನುತ್ತಿದ್ದರು. ಮಳೆ ನಿಮ್ಮ ಜನ್ಮದಲ್ಲಿ ಮಾಡುವುದನ್ನು ಲಿಂಬೆಹಣ್ಣು ನಿಮ್ಮ ಕಣ್ಣೆದುರು ಮಾಡುತ್ತದೆ ಎಂದು ಹೇಳಿ ಬೀಗುತ್ತಿದ್ದೆ.

ಈ ಪಾಠ ನನ್ನ ಮಗಳ ಸಮಾಧಿಯ ಮೇಲೂ ನಡೆಯಿತು. ಅದನ್ನು ಬರೆಯಲೆಂದೇ ಕೂತಿದ್ದೇನೆ.

ಆಕೆಗೆ ಒಂಬತ್ತು ತುಂಬಿತ್ತು. ಒಬ್ಬಳೇ ಮಗಳು. ಶ್ರಾವಣದಲ್ಲಿ ಜ್ವರ ಬಂತು, ಇಳಿಯಿತು ಅನ್ನುವಷ್ಟರಲ್ಲಿ ಮತ್ತೆ ಏರಿತು. ಬೀದರಿಗೆ ಒಯ್ದೆವು. ಅಲ್ಲಿಂದ ಹೊದಿಕೆ ಹೊದಿಸಿ ವಾಪಸು ತಂದೆವು. ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದ ಆಗುವುದಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಹೊಲ ಇದ್ದವರು ತಮ್ಮ ಹೊಲದಲ್ಲೇ ಹೂಳುತ್ತಾರೆ. ಬಸವಕಲ್ಯಾಣ ದಾಟಿ ನಾರಾಯಣಪುರದ ದಾರಿಯಲ್ಲಿ ನಮ್ಮಪ್ಪನ ಕಾಲದ ಹೊಲವಿದೆ, ಈಗ ಅಣ್ಣ ಮಾಡುತ್ತಾನೆ. ಬದುವಿನ ಪಕ್ಕ, ಜಾಲಿಗಿಡದ ಹತ್ತಿರ ಆಕೆಯನ್ನು ಇಟ್ಟೆವು. ಬಂದವರೆಲ್ಲ ನನ್ನ ಹೆಗಲ ಮೇಲೆ ಕೈಯಿಟ್ಟು, "ಮನಸ್ಸ ಕಲ್ಲ ಮಾಡ್ಕೋರಿ ಮಾಸ್ತರ್ರ" ಅಂದರು. ಯಾವ ಕಲ್ಲು ಎಂದು ಕೇಳಬೇಕೆನಿಸಿತು. ಅಂಥ ದಿನವೂ ನನ್ನ ತಲೆ ಹಾಗೇ ಓಡಿತ್ತು, ಹುಟ್ಟುಗುಣ.

ಮೇಲೆ ಇಡಲು ಕರಿಕಲ್ಲು ತರಿಸುತ್ತೇನೆ ಎಂದು ಅಣ್ಣ ಅಂದ. ನನ್ನ ಹೆಂಡತಿ ಬೇಡ ಅಂದಳು. ನಮ್ಮ ಮನೆಯ ನಡುಮನೆಯಲ್ಲಿ ಕಿಟಕಿಯ ಕೆಳಗೆ ಒಂದು ಫರಸಿ ಇತ್ತು. ಬೇಸಿಗೆಯ ಮಧ್ಯಾಹ್ನ ಮಗಳು ಅಂಗಿ ಮೇಲೆತ್ತಿಕೊಂಡು, ಹೊಟ್ಟೆಯನ್ನು ಆ ಕಲ್ಲಿಗೆ ಅಂಟಿಸಿ ಬೋರಲು ಮಲಗುತ್ತಿದ್ದಳು. ಇಡೀ ಮನೆಯಲ್ಲಿ ಅದೊಂದೇ ತಣ್ಣಗಿದೆ ಎಂದು ಆಕೆಯ ವಾದ. "ಅದೇ ಕಲ್ಲ ಬೇಕು. ಆಕಿಗಿ ಆ ಕಲ್ಲಿನ ರೂಢಿ ಅದ" ಎಂದಳು ಹೆಂಡತಿ. ಅಂದು ಆಕೆಗೆ ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಹಾರೆ ಹಾಕಿ ಫರಸಿ ಎಬ್ಬಿಸಿ ಹೊಲಕ್ಕೆ ಸಾಗಿಸಿದೆವು. ಆ ಜಾಗಕ್ಕೆ ಟೈಲ್ಸ್ ಹಾಕಿಸಿದೆ, ಬಣ್ಣ ಕೂಡಲಿಲ್ಲ.

ಆ ಕಲ್ಲಿನ ಮೇಲೆ ಎರಡು ಪಾದ ಕೊರೆಸಿದೆವು. ಕೊರೆದವನು ಶಿಲ್ಪಿಯೇನಲ್ಲ, ಬಸವಕಲ್ಯಾಣದಲ್ಲಿ ಮನೆಗಳಿಗೆ ಫರಸಿ ಹಾಸುವ ಗೌಂಡಿ. ಮಗಳ ಶಾಲೆಯ ಬೂಟನ್ನು ಕಲ್ಲಿನ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡ. ಬೆರಳುಗಳು, ನಮ್ಮ ಮಾತಿನಲ್ಲಿ ಬಟ್ಟ, ಹೇಗಿದ್ದವೆಂದು ಹೆಂಡತಿ ಪಕ್ಕದಲ್ಲಿ ಕೂತು ಹೇಳಿದಳು. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ, ಕಿರುಬೆರಳು ಒಳಗೆ ಬಾಗಿದ್ದು. ಪಾದದಲ್ಲಿ ಉಗುರಿನಷ್ಟು ಆಳ, ಬೆರಳುಗಳಲ್ಲಿ ಅದಕ್ಕಿಂತ ಕಡಿಮೆ. ಮುಗಿದಾಗ ಹೆಂಡತಿ ಒಂದೊಂದೇ ಬೆರಳನ್ನು ಮುಟ್ಟಿ ನೋಡಿ, "ಹೌದ್ರಿ, ಇವೇ" ಅಂದಳು. ಆಮೇಲೆ ಹಿರಿಯರು ಹೇಳಿದರೆಂದು ಮಗುವಿನ ಬಟ್ಟೆ, ಪಾಟಿಚೀಲ, ಆ ಬೂಟು, ಎಲ್ಲವನ್ನೂ ಅಣ್ಣನ ಹೊಲಕ್ಕೆ ಕೂಲಿಗೆ ಬರುವವರ ಮಕ್ಕಳಿಗೆ ಕೊಟ್ಟುಬಿಟ್ಟೆವು. ಫೋಟೋಗಳಿವೆ. ಆದರೆ ಮಕ್ಕಳ ಫೋಟೋ ತೆಗೆಯುವಾಗ ಯಾರೂ ಕಾಲಿನ ಕಡೆ ನೋಡುವುದಿಲ್ಲ. ಆಕೆ ಈ ಭೂಮಿಯ ಮೇಲೆ ಎಷ್ಟು ಜಾಗದಲ್ಲಿ ನಿಂತಿದ್ದಳು ಎನ್ನುವುದಕ್ಕೆ ನಮಗೆ ಉಳಿದದ್ದು ಆ ಕಲ್ಲೊಂದೇ.

ಪ್ರತಿ ಅಮಾವಾಸ್ಯೆಗೆ ಹೋಗುತ್ತಿದ್ದೆವು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಶಾಲೆ ಇದ್ದರೆ ರಜೆ ಹಾಕುತ್ತಿದ್ದೆ. ಹೆಂಡತಿ ಅಣ್ಣನ ಬಾವಿಯಿಂದ ಕೊಡ ತುಂಬಿ ತಂದು ಕಲ್ಲು ತೊಳೆಯುತ್ತಿದ್ದಳು. ಬೆನ್ನು ತಿಕ್ಕುವ ಹಾಗೆ, ಕಂಕುಳಲ್ಲಿ ಕೈ ಹಾಕಿ ತೊಳೆಯುವ ಹಾಗೆ, ಮೂಲೆ ಮೂಲೆ ತೊಳೆದು ಕೊನೆಗೆ ಸೆರಗಿನಿಂದ ಒರೆಸುತ್ತಿದ್ದಳು. ಮನೆಯಲ್ಲಿ ತಿಂಗಳಿಡೀ ಸುಮ್ಮನೆ ಗೋಡೆ ನೋಡುತ್ತಾ ಕೂರುವವಳು ಅಲ್ಲಿ ಮಾತ್ರ ಮನುಷ್ಯರಂತೆ ಓಡಾಡುತ್ತಿದ್ದಳು.

ಮುಂದಿನ ವರ್ಷದ ಮಳೆಗಾಲ ಮುಗಿದಾಗ ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು, ಹಕ್ಕಿ ಹಿಕ್ಕೆ ಒಣಗಿತ್ತು, ದೀಪದ ಎಣ್ಣೆ ಇಂಗಿ ಕರೆಯಾಗಿತ್ತು. ಬರೇ ನೀರಿಗೆ ಹೋಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಆಕೆ ಹುಣಸೆಹಣ್ಣು ಮತ್ತು ಉಪ್ಪು ಕಟ್ಟಿಕೊಂಡು ಬಂದಳು. ನಮ್ಮ ಕಡೆ ಹೆಂಗಸರಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮಾತ್ರ ತೊಳೆದ ಸಮಾಧಾನ. ದೇವರ ಸಾಮಾನು, ತಾಮ್ರದ ಕೊಡ, ಹಿತ್ತಾಳೆಯ ಚರಿಗೆ, ಎಲ್ಲದಕ್ಕೂ ಅದೇ. ಹಣ್ಣನ್ನು ಕಿವುಚಿ ಕಲ್ಲಿಗೆ ಮೆತ್ತಿ, ತೆಂಗಿನ ನಾರಿನಿಂದ ತಿಕ್ಕಿ, ನೀರು ಸುರಿದಳು. ಕರೆ ಹೋಯಿತು. ಕಲ್ಲು ಬೂದುಬಣ್ಣ ಕಳೆದು ಬೆಳ್ಳಗಾಯಿತು.

"ನೋಡ್ರಿ, ಹ್ಯಾಂಗ ಬೆಳ್ಳಗ ಆಗ್ಯಾದ!" ಎಂದು ನನ್ನತ್ತ ತಿರುಗಿದಳು. ಆ ಮುಖದ ಮೇಲೆ ನಗು ಕಂಡು ವರ್ಷದ ಮೇಲಾಗಿತ್ತು. ಉಳಿದ ಹಣ್ಣಿನ ಉಂಡೆಯನ್ನು ಪಾದದ ಗುಳಿಯಲ್ಲೇ ಇಟ್ಟಳು, ಬೆರಳುಗಳ ಹತ್ತಿರ. ಮಗಳು ಹುಣಸೆಹಣ್ಣಿನ ಕಳ್ಳಿ. ಡಬ್ಬಿಯಿಂದ ಕದ್ದು ಲಂಗದ ಕಿಸೆಯಲ್ಲಿಟ್ಟುಕೊಂಡು ಚೀಪುತ್ತಿದ್ದಳು, ಕಿಸೆಯೆಲ್ಲ ಅಂಟಂಟು.

ನಾನು ಬಗ್ಗಿ ನೋಡಿದೆ. ಉಂಡೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಆ ಬಿಳುಪು ಸ್ವಚ್ಛವಾದ ಬಿಳುಪಲ್ಲ, ಕಲ್ಲಿನ ಮೈ ಸುಲಿದ ಬಿಳುಪು. ಆಕೆ ನಗುತ್ತಿದ್ದಳು, ಅದಕ್ಕೇ ಆ ದಿನ ಸುಮ್ಮನಿದ್ದೆ. ಮುಂದಿನ ಸಲ ಹೊರಡುವಾಗಲೇ ಹೇಳಿದೆ.

"ಹುಣಸಿಹಣ್ಣ ಬ್ಯಾಡ. ಆ ಕಲ್ಲಿಗಿ ಹುಳಿ ಆಗಂಗಿಲ್ಲ. ಕರಗ್ತದ."

"ಕಲ್ಲ ಎಲ್ಲ್ಯಾರ ಕರಗ್ತದೇನ್ರಿ? ಸಾಲ್ಯಾಗಿನ ಮಾತ ಸಾಲ್ಯಾಗ ಬಿಟ್ಟ ಬರ್ರಿ."

"ಸಾಬಾಣ ಹಚ್ಚಿ ತೊಳಿ, ಯಾರ ಬ್ಯಾಡ ಅಂತಾರ?"

"ಸಾಬಾಣ ಆಕಿಗಿ ಆಗ್ತಿದ್ದಿಲ್ಲ. ಕಣ್ಣ ಉರಿತಾವಂತ ಬಚ್ಚಲದಾಗಿಂದ ಓಡ್ತಿದ್ಲು. ಅಷ್ಟ ಲಗೂ ಮರ್ತ್ರೇನು?"

ಮರೆತಿರಲಿಲ್ಲ. ಮೈತುಂಬ ನೊರೆಯಿಟ್ಟುಕೊಂಡು ಓಡಿದವಳನ್ನು ಹಿಡಿದು ತರುತ್ತಿದ್ದವನು ನಾನೇ. ಒಂದು ಸಲ ಲಿಂಬೆಹಣ್ಣು, ಫರಸಿಯ ಚೂರು ಎರಡನ್ನೂ ಅಡುಗೆಮನೆಗೆ ತಂದು ತೋರಿಸಿದೆ. ಗುಳ್ಳೆ ನೋಡಿದಳು. "ಹೊಲಸ ಬಿಡಾಕತ್ತದ" ಅಂದಳು. ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದವನನ್ನು ಎರಡು ಮಾತಿನಲ್ಲಿ ಕೂರಿಸಿದಳು. ನಾನೂ ಹಟ ಬಿಟ್ಟೆ. ತಿಂಗಳಿಗೊಂದು ಮಧ್ಯಾಹ್ನ ಆಕೆಗೆ ಮಗಳ ಮೈ ತೊಳೆದ ಹಾಗಾಗುತ್ತಿತ್ತು. ಅದನ್ನು ಕಿತ್ತುಕೊಂಡು ಏನು ಮಾಡಲಿ?

ಹುಣಸೆಹಣ್ಣನ್ನು ತಡೆಯಲಾಗದವನು ಮಳೆಯನ್ನಾದರೂ ತಡೆಯೋಣ ಎಂದುಕೊಂಡೆ. ಪಾದದ ಗುಳಿಯಲ್ಲಿ ಮಳೆನೀರು ನಿಲ್ಲುತ್ತಿತ್ತು, ನಿಂತ ನೀರಿನಲ್ಲಿ ಹುಣಸೆಯ ಉಂಡೆ ನೆನೆದು ರಸವಾಗುತ್ತಿತ್ತು, ಆ ರಸ ಮುಂದಿನ ಅಮಾವಾಸ್ಯೆಯವರೆಗೂ ಅಲ್ಲೇ ಇರುತ್ತಿತ್ತು. ಕಲ್ಲಿನ ಮೇಲೆ ಪತ್ರಾದ ನೆರಳು ಹಾಕಿಸಲು ಹೋದೆ. "ಏ ತಮ್ಮಾ, ದನದ ಕೊಟ್ಟಗಿ ಕಟ್ಟಾಕತ್ತೀ ಏನು?" ಎಂದ ಅಣ್ಣ. ನನ್ನ ಮುಖ ನೋಡಿ ಗೂಟ ತಂದುಕೊಟ್ಟ. ಮೊದಲ ಬಿರುಗಾಳಿಗೇ ಪತ್ರಾ ಹಾರಿ ಪಕ್ಕದವರ ಕಬ್ಬಿನೊಳಗೆ ಬಿತ್ತು. ಅವರು ಜಗಳಕ್ಕೆ ಬಂದರು. ಮತ್ತೆ ಹಾಕಿಸಲಿಲ್ಲ.

ವರ್ಷಗಳು ಹೋದವು. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋಗಿ, ಆ ಅಡುಗೆಯನ್ನೇ ಹೊಲಕ್ಕೆ ಚರಗ ಚೆಲ್ಲಿ, ಕೂತು ಉಣ್ಣುತ್ತೇವೆ. ಆ ದಿನ ನನ್ನ ಹೆಂಡತಿ ಮಗಳಿಗೆ ಎಡೆ ಇಟ್ಟ ಮೇಲೆ ಹಸಿಗಡಲೆ ಸುಲಿದು, ಕಾಲಿನ ಬೆರಳಿಗೊಂದೊಂದರಂತೆ ಕಾಳು ಇಡುತ್ತಿದ್ದಳು. ಹೊಲಕ್ಕೆ ಬಂದರೆ ಮಗಳು ಕಡಲೆಗಿಡ ಬಿಟ್ಟು ಮೇಲೇಳುತ್ತಿರಲಿಲ್ಲ. ಕಾಳು ಬೆರಳಿನ ಗುಳಿಯಲ್ಲಿ ಸರಿಯಾಗಿ ಕೂರುತ್ತಿತ್ತು.

ಈಚಿನ ಎಳ್ಳಮಾವಾಸ್ಯೆಯಂದು ಬಲಗಾಲಿನ ಕಿರುಬೆರಳಿಗೆ ಇಟ್ಟ ಕಾಳು ಉರುಳಿಹೋಯಿತು. ಎತ್ತಿ ಮತ್ತೆ ಇಟ್ಟಳು. ಮತ್ತೆ ಉರುಳಿತು. ಎಡಗಾಲಿಗೆ ಇಟ್ಟಳು. ಅದೂ ನಿಲ್ಲಲಿಲ್ಲ.

"ಏನ್ರಿ, ಇಲ್ಲಿ ಬರ್ರಿ" ಎಂದು ಕರೆದಳು. ಹೋದೆ. ಬೆರಳ ತುದಿಯಿಂದ ಕಲ್ಲು ಸವರುತ್ತಿದ್ದಳು. "ಕಿರುಬಟ್ಟ ಇಲ್ಲ. ಅದರ ಬಾಜೂದ್ದೂ ಇಲ್ಲ."

ಅಣ್ಣನ ಮನೆಯವರು ಅತ್ತ ನಗುತ್ತಾ ಉಣ್ಣುತ್ತಿದ್ದರು. ಕಲ್ಲಿನ ಮೇಲೆ ಹಿಮ್ಮಡಿಗಳಿದ್ದವು, ಹೆಬ್ಬೆರಳುಗಳ ಆಕಾರವಿತ್ತು, ಉಳಿದ ಬೆರಳುಗಳ ಜಾಗದಲ್ಲಿ ಒರಟಾದ, ಬಿಳಿಚಿದ ಒಂದು ತಗ್ಗು ಇತ್ತು. ಅಂಚುಗಳೆಲ್ಲ ಕರಗಿ ಒಂದರೊಳಗೊಂದು ಸೇರಿಹೋಗಿದ್ದವು. ಮಕ್ಕಳಿಗೆ ತೋರಿಸುತ್ತಿದ್ದ ಕುಳಿಯೇ ಅದು, ಬೇರೆ ಅಲ್ಲ. ಹಿಮ್ಮಡಿಯ ಕಡೆಯಿಂದ ಕಲ್ಲಿನ ಅಂಚಿನವರೆಗೆ ತೊಳೆದ ನೀರು ಇಳಿದ ದಾರಿಯಲ್ಲಿ ಎರಡು ಗೀರುಗಳೂ ಬಿದ್ದಿದ್ದವು.

"ಮಳಿ" ಎಂದೆ. "ಮಳಿನೀರಿಗಿ ಕರಗ್ಯಾದ."

ಆಕೆ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. "ಮಳಿಗಿ ಅಲ್ಲ. ಹುಣಸಿಹಣ್ಣಿಗಿ. ನೀವೇ ಅಂದಿದ್ರಿ."

"ನಾ ಸುಮ್ಮ ಅಂದಿದ್ದೆ. ಹುಣಸಿಹಣ್ಣಿಗಿ ಎಲ್ಲ್ಯಾರ ಕಲ್ಲ ಕರಗ್ತದೇನು?"

"ಸಾಲ್ಯಾಗ ಹುಡುಗುರ ಮುಂದೂ ಹಿಂಗೇ ಸುಳ್ಳ ಹೇಳ್ತೀರೇನು?" ಎಂದಳು. "ನಾನೇ ತಿಕ್ಕಿ ತಿಕ್ಕಿ ಕಳದ್ನಿ ಆಕಿ ಬಟ್ಟ. ನನ್ನ ಕೈಲೇ ಕಳದ್ನಿ."

ನಾನು ಮಳೆಯ ಪರವಾಗಿ ವಾದಿಸಿದೆ. ನನ್ನ ಜೀವಮಾನದ ಪಾಠವನ್ನೆಲ್ಲ ತಲೆಕೆಳಗು ಮಾಡಿ, ಈ ಸಲದ ಮಳೆ ಜಾಸ್ತಿ, ಗಾಳಿ ಕೆಟ್ಟಿದೆ, ಕಲ್ಲೇ ಮೆತ್ತಗಿನದು ಎಂದು ಬಾಯಿಗೆ ಬಂದದ್ದು ಹೇಳಿದೆ. ಮಳೆ ಅಷ್ಟು ಅವಸರದ್ದಲ್ಲ ಎಂದು ನನಗೆ ಗೊತ್ತು. ಬರೇ ಮಳೆಯಾಗಿದ್ದರೆ ಆ ಬೆರಳುಗಳು ನಮ್ಮಿಬ್ಬರ ಆಯುಷ್ಯಕ್ಕೆ ಸಾಲುತ್ತಿದ್ದವು. ಆಕೆ ಒಂದನ್ನೂ ನಂಬಲಿಲ್ಲ. ಅಂದು ನಾನು ಸುಳ್ಳು ಹೇಳುವುದನ್ನು ಕಲಿತಿದ್ದರೆ ಚೆನ್ನಾಗಿತ್ತು ಅನಿಸಿತು.

ಅದಾದ ಮೇಲೆ ಆಕೆ ಹೊಲಕ್ಕೆ ಬರುವುದನ್ನು ಬಿಟ್ಟಳು. ಹುಣಸೆಹಣ್ಣಿನ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಳು. ಸಾರಿಗೆ ಟೊಮೇಟೊ ಬಿತ್ತು. ದೇವರ ಸಾಮಾನು ಕಪ್ಪಾಯಿತು, ಚರಿಗೆ ಹಸಿರುಗಟ್ಟಿತು, ಮುಟ್ಟಲಿಲ್ಲ. ಅಮಾವಾಸ್ಯೆಗೆ ನಾನೊಬ್ಬನೇ ಹೋಗಿ ಎರಡು ಚರಿಗೆ ನೀರು ಸುರಿದು ಬರುತ್ತಿದ್ದೆ. ಗಂಡಸಿನ ಕೈ, ಸುರಿಯುವುದಷ್ಟೇ ಗೊತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿಂದ, "ಹ್ಯಾಂಗ ಅದಾಳ್ರಿ?" ಎಂದು ಕೇಳುತ್ತಿದ್ದಳು. ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ. ಇಬ್ಬರೂ ಒಂದೇ ಮನೆಯಲ್ಲಿ ಇದ್ದೆವು ಅಷ್ಟೇ. ಒಮ್ಮೆ ಸತ್ತ ಮಗು ನಮ್ಮ ಮನೆಯಲ್ಲಿ ಎರಡನೇ ಸಲ ಸತ್ತಿತ್ತು.

ಬೇಸಿಗೆಯ ಕೊನೆಗೆ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹತ್ತಿರ ಆ ಗೌಂಡಿ ಸಿಕ್ಕ. ಪಾದಗಳನ್ನು ಮತ್ತೆ ಮೊದಲಿನ ಹಾಗೇ ತಿದ್ದಿಕೊಡಲು ಆಗುತ್ತದೆಯೇ ಎಂದು ಕೇಳಿದೆ. ನೋಡದೆ ಹೇಳುವುದಿಲ್ಲ ಅಂದ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹೊರಡುವ ದಿನ ಸೀರೆ ಉಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಹಿಂದಿನ ದಿನ ಒಂದು ಹದ ಮಳೆಯಾಗಿತ್ತು. ಹೊಲದಲ್ಲಿ ಎರೆಮಣ್ಣು ಕಾಲಿಗೆ ಅಂಟುತ್ತಿತ್ತು. ಆಕೆ ಹತ್ತಿರ ಬರಲಿಲ್ಲ, ಜಾಲಿಗಿಡದ ಬುಡದಲ್ಲಿ ಕೂತಳು. ಗೌಂಡಿ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಚುಗಳ ಮೇಲೆ ಉಗುರು ಆಡಿಸಿದ.

"ಮಾಸ್ತರ್ರ, ಹಳೀ ಗೆರಿ ಮ್ಯಾಲ ಉಳಿ ಇಡಾಕ ಬರಂಗಿಲ್ರಿ. ಅಂಚ ಹೋಗ್ಯಾವ, ಇಟ್ರ ಉದುರತಾದ. ಹೊರಗ ಗಟ್ಟಿ ಇದ್ದಲ್ಲಿ ಹೊಸಾ ಗೆರಿ ಹಾಕಬೇಕು. ಕಾಲ ದೊಡ್ಡವಾಗ್ತಾವ."

"ಎಷ್ಟ ದೊಡ್ಡವು?"

"ನೀವ್ ಹೇಳಿದಷ್ಟ. ಸಣ್ಣವಂತೂ ಆಗಂಗಿಲ್ರಿ."

ಬೇಡ ಅಂದೆ. ನನ್ನ ದನಿ ಜೋರಾಗಿಯೇ ಬಂತು. ಇಷ್ಟೇ ಇದ್ದವು ಆಕೆಯ ಕಾಲು, ಉಳಿದ ಹಿಮ್ಮಡಿಯನ್ನಾದರೂ ಹಾಗೇ ಬಿಡು, ಯಾರದೋ ಕಾಲು ತಂದು ನನ್ನ ಮಗಳ ಮೇಲೆ ಇಡಬೇಡ ಎಂದೆ. ಪಾಪ, ಆ ಮನುಷ್ಯ ಉಳಿ ಸುತ್ತಿಗೆಯನ್ನು ಚೀಲಕ್ಕೆ ಹಾಕತೊಡಗಿದ.

"ಆಗ್ಲಿ ಬಿಡ್ರಿ" ಎಂದಳು ಹೆಂಡತಿ. ಗಿಡದ ಬುಡದಿಂದ ಎದ್ದು ಬಂದಿದ್ದಳು. "ದೊಡ್ಡವಾಗ್ಲಿ."

"ಆಕಿ ಕಾಲ ಅಷ್ಟ ದೊಡ್ಡವ ಇದ್ದಿಲ್ಲ."

"ಇದ್ದಿಲ್ಲ. ಈಗ ಇರ್ತಿದ್ವು. ಆಕಿಗಿ ಹದಿನಾಲ್ಕ ನಡದಾದ. ಆ ಬೂಟ ಇನ್ನಾ ಆಕಿ ಕಾಲಿಗಿ ಬರ್ತಿದ್ವೇನ್ರಿ?"

ಗೌಂಡಿ ಚೀಲದ ಬಾಯಿ ಹಿಡಿದುಕೊಂಡು ಕೂತ. ನಾನು ಇಷ್ಟು ವರ್ಷ ಒಂಬತ್ತು ವರ್ಷದ ಮಗುವಿಗಾಗಿ ಅಳುತ್ತಿದ್ದೆ. ಆಕೆ ಮಾತ್ರ ತಿಂಗಳು ತಿಂಗಳು ಮಗಳನ್ನು ಬೆಳೆಸಿಕೊಂಡು ಬಂದಿದ್ದಳು.

"ಅಳತಿ ಯಾವುದು ಹಿಡೀಲ್ರೀ ಅಕ್ಕೋರ?" ಎಂದ ಗೌಂಡಿ ಮೆಲ್ಲಗೆ.

ಆಕೆ ಚಪ್ಪಲಿ ಕಳಚಿ, ಬಲಗಾಲನ್ನು ಹಸಿಮಣ್ಣಿನಲ್ಲಿ ಒತ್ತಿ, ಹಿಂದೆ ತೆಗೆದುಕೊಂಡಳು. ಹೆಜ್ಜೆ ಅಚ್ಚಾಗಿ ಮೂಡಿತು. "ಇದಕ್ಕಿಂತ ಒಂದ ಬಟ್ಟ ಕಮ್ಮಿ ಹಿಡೀರಿ" ಎಂದಳು. ಅವನು ದಾರ ಹಾಸಿ ಅಳೆಯುತ್ತಿದ್ದಾಗ ಮತ್ತೆ ತಡೆದಳು. "ನಿಂದರ್ರಿ. ಅವರಪ್ಪನ ಕಾಲ ಉದ್ದ ಅದಾವ. ಆಕಿವೂ ಹಂಗೇ ಹೋಗ್ತಿದ್ವು."

ಇಬ್ಬರೂ ನನ್ನ ಕಾಲಿನ ಕಡೆ ನೋಡಿದರು. ನಾನು ಅಳುತ್ತಲೇ ಚಪ್ಪಲಿ ಬಿಟ್ಟು, ಆಕೆಯ ಹೆಜ್ಜೆಯ ಪಕ್ಕದಲ್ಲಿ ಕಾಲಿಟ್ಟೆ.